ಆರನೇ ಮಹಡಿಯ ಕಿಟಕಿ: ಅಲ್ಲಿಂದ ಸಾಧ್ಯವಿತ್ತೇ?



ಈ ದತ್ತಿ ಉಪನ್ಯಾಸ ಯಾರ ಹೆಸರಿನಲ್ಲಿದೆಯೋ ಆ ಹಿರಿಯರು ಸರ್ವೆ ಇಲಾಖೆಯಲ್ಲಿ ಚೈನು, ಥಿಯೊಡೊಲೈಟು ಹಿಡಿದು ಊರೂರು ಅಳೆದವರು. ಅಳತೆಗೆ ಸಂಬಂಧಪಟ್ಟ ವಿಷಯವಿರಲಿ ಎಂದು ಸಂಘಟಕರು ಕೇಳಿದರು. ನಾನು ಒಂದು ಕೊಲೆಯನ್ನು ಆರಿಸಿಕೊಂಡೆ. ಅಮೆರಿಕದ ಅಧ್ಯಕ್ಷ ಜಾನ್ ಕೆನಡಿಯ ಹತ್ಯೆಯಷ್ಟು ಸಲ ಅಳೆಯಲ್ಪಟ್ಟ ಕೊಲೆ ಇನ್ನೊಂದಿಲ್ಲ. ಅಷ್ಟು ಅಳೆದ ಮೇಲೂ ಜಗಳ ನಿಂತಿಲ್ಲ.

ಗುಂಡು ಹಾರಿಸಿದವನು ಯಾರು, ಯಾಕೆ ಹಾರಿಸಿದ, ಹಿಂದೆ ಯಾರ ಕುಮ್ಮಕ್ಕಿತ್ತು ಎಂಬುದೆಲ್ಲ ಇವತ್ತಿನ ವಿಷಯವಲ್ಲ. ಅವುಗಳ ಬಗ್ಗೆ ಮಾತಾಡಲು ನನಗೆ ಯೋಗ್ಯತೆಯೂ ಇಲ್ಲ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿದವನು. ನನ್ನ ಪ್ರಶ್ನೆ ಸಣ್ಣದು. ಇಂಥ ಜಾಗದಲ್ಲಿ ಕೂತವನಿಗೆ ಗುರಿ ಕಾಣುತ್ತಿತ್ತೇ? ಬಂದೂಕು ಹಿಡಿದು ಹೊರಳಲು ಜಾಗವಿತ್ತೇ? ಇದ್ದ ಹೊತ್ತಿನಲ್ಲಿ ಕೆಲಸ ಮುಗಿಸಿ ಅಲ್ಲಿಂದ ಹೊರಬೀಳಬಹುದಿತ್ತೇ? ಈ ಪ್ರಶ್ನೆಗಳಿಗೆ ಟೇಪು, ಕೋನಮಾಪಕ, ಗಡಿಯಾರ ಸಾಕು. ಆದರೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಅಳತೆಗೆ ‘ಆಗದು’ ಎಂದು ತೀರ್ಪು ಕೊಡುವ ಅಧಿಕಾರವಿದೆ, ‘ಹೀಗೇ ಆಯಿತು’ ಎನ್ನುವ ಅಧಿಕಾರವಿಲ್ಲ. ಅರವತ್ತು ವರ್ಷದ ಈ ವಾದದಲ್ಲಿ ಎರಡೂ ಪಕ್ಷದವರು ಮತ್ತೆ ಮತ್ತೆ ಎಡವಿರುವುದು ಇಲ್ಲಿಯೇ.

ಮೊದಲು ನೆಲ ನೋಡೋಣ. ಡಲ್ಲಾಸ್ ನಗರಕೇಂದ್ರದ ಪಶ್ಚಿಮದ ಅಂಚಿನಲ್ಲಿ ಡೀಲಿ ಪ್ಲಾಜಾ ಎಂಬ ಜಾಗವಿದೆ. ಮೂರು ಬೀದಿಗಳು ಇಳಿಜಾರಿನಲ್ಲಿ ಹತ್ತಿರ ಹತ್ತಿರ ಬಂದು ಒಂದು ರೈಲ್ವೆ ಸೇತುವೆಯ ಕೆಳಗೆ ನುಸುಳುತ್ತವೆ. ನಡುವಿನದು ಮೇನ್ ಸ್ಟ್ರೀಟ್, ಉತ್ತರದ್ದು ಎಲ್ಮ್ ಸ್ಟ್ರೀಟ್. 1963ರ ನವೆಂಬರ್ 22ರ ಶುಕ್ರವಾರ ಮಧ್ಯಾಹ್ನ ಅಧ್ಯಕ್ಷರ ಮೆರವಣಿಗೆ ಮೇನ್ ಸ್ಟ್ರೀಟಿನಲ್ಲಿ ಬಂದು, ಹೂಸ್ಟನ್ ಸ್ಟ್ರೀಟಿಗೆ ಬಲಕ್ಕೆ ತಿರುಗಿ, ಒಂದು ಅಡ್ಡಬೀದಿಯಷ್ಟು ದೂರ ಹೋಗಿ, ಎಲ್ಮ್ ಸ್ಟ್ರೀಟಿಗೆ ಎಡಕ್ಕೆ ತೀರಾ ಕಡಿದಾಗಿ ಹೊರಳಿತು. ಆ ತಿರುವಿನ ಮೂಲೆಯಲ್ಲೇ ಶಾಲಾ ಪಠ್ಯಪುಸ್ತಕಗಳ ದಾಸ್ತಾನಿದ್ದ ಏಳು ಅಂತಸ್ತಿನ ಇಟ್ಟಿಗೆ ಕಟ್ಟಡ. ಅದರ ಆರನೇ ಮಹಡಿಯ ಆಗ್ನೇಯ ಮೂಲೆಯ ಕಿಟಕಿಯೇ ನಮ್ಮ ವಿಷಯ. ಅಮೆರಿಕನ್ನರು ನೆಲಮಹಡಿಯನ್ನೇ ಒಂದನೆಯದೆಂದು ಎಣಿಸುತ್ತಾರೆ. ನಮ್ಮ ಲೆಕ್ಕದಲ್ಲಿ ಅದು ಐದನೇ ಮಹಡಿ, ನೆಲದಿಂದ ಸುಮಾರು 60 ಅಡಿ ಎತ್ತರ. ಎಲ್ಮ್ ಸ್ಟ್ರೀಟಿನ ಬಲಬದಿಗೆ ಒಂದು ಹುಲ್ಲುದಿಬ್ಬ, ಅದರ ಮೇಲೆ ಸುಮಾರು ಐದಡಿ ಎತ್ತರದ ಮರದ ಬೇಲಿ, ಬೇಲಿಯ ಹಿಂದೆ ವಾಹನ ನಿಲ್ಲಿಸುವ ಬಯಲು, ಅದರಾಚೆ ರೈಲ್ವೆ ಯಾರ್ಡ್. ಬೀದಿಯ ಇಳಿಜಾರು 3 ಡಿಗ್ರಿಗಿಂತ ಸ್ವಲ್ಪ ಹೆಚ್ಚು. ಸಣ್ಣ ಸಂಖ್ಯೆಯೆಂದು ಇದನ್ನು ಬಿಟ್ಟುಬಿಡಬೇಡಿ; ಮುಂದೆ ಕೆಲಸಕ್ಕೆ ಬರುತ್ತದೆ.

ಈಗ ಕಿಟಕಿಯೊಳಗೆ ಹೋಗೋಣ. ಕಿಟಕಿಯ ಹಲಗೆ ನೆಲದಿಂದ ಸುಮಾರು ಒಂದಡಿ ಎತ್ತರದಲ್ಲಿದೆ, ಅಷ್ಟೇ. ಅಂದು ಕೆಳಗಿನ ಗಾಜು ಅರ್ಧಕ್ಕೆ ಎತ್ತಿತ್ತು. ನೇರ ನಿಂತವನ ಎದೆಯ ಮುಂದೆ ಗಾಜು ಬರುತ್ತದೆ. ಅವನು ಗಾಜು ಒಡೆಯದೆ ಗುಂಡು ಹಾರಿಸಲಾರ. ಗಾಜು ಒಡೆದಿರಲಿಲ್ಲ. ಬೀದಿಯ ಆಚೆ ಕೂತಿದ್ದ ಒಬ್ಬ ಕಾರ್ಮಿಕ, ಕಿಟಕಿಯಲ್ಲಿದ್ದವನು ನಿಂತಿದ್ದ ಎಂದು ಸಾಕ್ಷ್ಯ ಹೇಳಿದ್ದ. ಅವನ ಮಾತು ಸುಳ್ಳೆಂದು ವಾದಿಸುವವರಿಗೆ ಇದೊಂದು ಆಯುಧವಾಯಿತು. ಆದರೆ ಹಲಗೆ ಅಷ್ಟು ಕೆಳಗಿದ್ದರೆ ಮಂಡಿಯೂರಿದವನೂ ಹೊರಗಿನಿಂದ ನೋಡುವವರಿಗೆ ನಿಂತವನಂತೆಯೇ ಕಾಣುತ್ತಾನೆ. ನಮ್ಮ ಮನೆಗಳ ಎದೆಮಟ್ಟದ ಕಿಟಕಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಓದಿದರೆ ಅರ್ಥವಾಗುವುದಿಲ್ಲ. ಕೂತವನಿಗೆ ಬಂದೂಕಿನ ಆಸರೆಗೆ ಪುಸ್ತಕದ ರಟ್ಟಿನ ಪೆಟ್ಟಿಗೆಗಳಿದ್ದವು, ಬೆನ್ನ ಹಿಂದೆ ಮಹಡಿಯ ಉಳಿದ ಭಾಗಕ್ಕೆ ಮರೆಯಾಗುವಂತೆ ಪೆಟ್ಟಿಗೆಗಳ ಗೋಡೆಯೇ ಇತ್ತು. ಮಹಡಿಗೆ ಹೊಸ ನೆಲಹಾಸು ಹಾಕುತ್ತಿದ್ದುದರಿಂದ ಪೆಟ್ಟಿಗೆಗಳನ್ನು ಒಂದು ಬದಿಗೆ ಒಟ್ಟಿದ್ದರು. ಬಂದೂಕು 40 ಅಂಗುಲ ಉದ್ದದ ಇಟಾಲಿಯನ್ ಮಾನ್‌ಲಿಕರ್ ಕಾರ್ಕಾನೊ. ಕೂತು ಹೊರಳಿಸಲು ತೊಡಕಾಗುವ ಅಳತೆಯಲ್ಲ. ಕಿಟಕಿಯ ಬಳಿ ಮೂರು ಖಾಲಿ ಕಾಡತೂಸುಗಳು ಸಿಕ್ಕವು. ಕೆಳಗಿನ ಮಹಡಿಯ ಅದೇ ಮೂಲೆಯ ಕಿಟಕಿಗಳಲ್ಲಿ ಮೂವರು ನೌಕರರು ಮೆರವಣಿಗೆ ನೋಡುತ್ತಿದ್ದರು. ತಲೆಯ ಮೇಲೆ ಬೋಲ್ಟ್ ಎಳೆಯುವ ಸದ್ದು, ಕಾಡತೂಸು ನೆಲಕ್ಕೆ ಬೀಳುವ ಸದ್ದು ಕೇಳಿಸಿತು ಎಂದು ಅವರಲ್ಲೊಬ್ಬ ಹೇಳಿದ. ಮಹಡಿಗಳ ನಡುವಿನ ಹಲಗೆಯಲ್ಲಿ ಅಂಥ ಸದ್ದು ದಾಟುತ್ತದೆಯೇ ಎಂದು ಹತ್ಯೆಯ ತನಿಖೆಗೆ ನೇಮಕವಾದ ವಾರನ್ ಆಯೋಗದವರು ಅಲ್ಲೇ ಪರೀಕ್ಷೆ ಮಾಡಿ ನೋಡಿದರು, ದಾಟಿತು.

ಇನ್ನು ಗುರಿ. ಕಿಟಕಿಯಿಂದ ನೋಡಿದರೆ ಬೀದಿಯ ಮೇಲೆ ಒಂದು ಓಕ್ ಮರ ಅಡ್ಡ ಬರುತ್ತದೆ. ಅದು ಚಳಿಗಾಲದಲ್ಲೂ ಎಲೆ ಉದುರಿಸದ ಜಾತಿ, ನವೆಂಬರಿನಲ್ಲೂ ಸೊಂಪಾಗಿತ್ತು. ಈ ಮರದ ವಿಚಾರ ಖಚಿತವಾಗಿ ಗೊತ್ತಾಗಿದ್ದು ಅಬ್ರಹಾಂ ಜಪ್ರೂಡರ್ ಎಂಬ ಉಡುಪು ವ್ಯಾಪಾರಿಯಿಂದ. ದಿಬ್ಬದ ಮೇಲಿನ ಕಾಂಕ್ರೀಟ್ ಪೀಠ ಹತ್ತಿ ಅವರು 8 ಮಿಲಿಮೀಟರ್ ಕ್ಯಾಮೆರಾದಲ್ಲಿ ತೆಗೆದ ಇಪ್ಪತ್ತೇಳು ಸೆಕೆಂಡಿಗೂ ಕಡಿಮೆಯ ಚಿತ್ರ ಈ ಪ್ರಕರಣದ ಗಡಿಯಾರವಾಯಿತು. ಕ್ಯಾಮೆರಾವನ್ನು ಪರೀಕ್ಷಿಸಿದ ಎಫ್‌ಬಿಐ, ಅದು ಸೆಕೆಂಡಿಗೆ 18.3 ಫ್ರೇಮಿನ ವೇಗದಲ್ಲಿ ಓಡುತ್ತದೆ ಎಂದು ಕಂಡುಕೊಂಡಿತು. ಅಲ್ಲಿಂದಾಚೆಗೆ ಪ್ರತಿ ಫ್ರೇಮಿಗೂ ಒಂದು ಸಂಖ್ಯೆ. ತಲೆಗೆ ಗುಂಡು ತಗುಲಿದ್ದು 313ನೆಯದರಲ್ಲಿ.

1964ರ ಮೇ 24ರಂದು ವಾರನ್ ಆಯೋಗದ ಪರವಾಗಿ ಎಲ್ಮ್ ಸ್ಟ್ರೀಟನ್ನು ಮುಚ್ಚಿ, ಕಾರನ್ನು ಒಂದೊಂದೇ ಫ್ರೇಮಿನ ಜಾಗಕ್ಕೆ ತಂದು ನಿಲ್ಲಿಸಿ, ಕಿಟಕಿಯಲ್ಲಿ ಅದೇ ಬಂದೂಕಿಗೆ ಕ್ಯಾಮೆರಾ ಕಟ್ಟಿ ನೋಡಿದರು. ಅಧ್ಯಕ್ಷರ ಲಿಂಕನ್ ಕಾರು ಆ ಹೊತ್ತಿಗೆ ಅವರಿಗೆ ಸಿಗಲಿಲ್ಲ. ಹಿಂಬಾಲಿಸುವ ಭದ್ರತಾ ಕಾರಾದ ಕ್ಯಾಡಿಲಾಕನ್ನು ಬಳಸಿ, ಅದರಲ್ಲಿ ಕೂತವರು 10 ಅಂಗುಲ ಹೆಚ್ಚು ಎತ್ತರಕ್ಕೆ ಬರುತ್ತಿದ್ದುದನ್ನು ಲೆಕ್ಕದಲ್ಲಿ ಕಳೆದರು. ಫ್ರೇಮು 166ರಿಂದ 210ರವರೆಗೆ ಮರ ಅಡ್ಡ. ನಡುವೆ 186ರ ಹತ್ತಿರ ಎಲೆಗಳ ಸಂದಿಯಲ್ಲಿ ಕ್ಷಣಮಾತ್ರ ತೆರವು. 210ರ ನಂತರ ಸೇತುವೆಯವರೆಗೆ ಅಡ್ಡಿಯೇ ಇಲ್ಲ. ಆಗ ಬಂದೂಕಿನಿಂದ ಅಧ್ಯಕ್ಷರಿಗೆ 177 ಅಡಿ. 313ರಲ್ಲಿ 265 ಅಡಿ. ನೂರು ಗಜವೂ ಇಲ್ಲ. ನಾಲ್ಕು ಪಟ್ಟು ದೊಡ್ಡದಾಗಿ ತೋರಿಸುವ ಟೆಲಿಸ್ಕೋಪು ಆ ದೂರವನ್ನು 66 ಅಡಿಯಷ್ಟಕ್ಕೆ ತರುತ್ತದೆ.

ದೂರಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ, ಅದನ್ನು ಹೇಳುವವರು ಕಡಿಮೆ. ಗುರಿಯಿಡುವವನಿಗೆ ಕಷ್ಟ ಕೊಡುವುದು ಗುರಿ ಎಷ್ಟು ವೇಗವಾಗಿ ಓಡುತ್ತದೆ ಎಂಬುದಲ್ಲ; ಅವನ ಕಣ್ಣ ಮುಂದೆ ಅದು ಎಷ್ಟು ಬೇಗ ಸರಿಯುತ್ತದೆ ಎಂಬುದು. ಕಾರು ಗಂಟೆಗೆ 11.2 ಮೈಲಿ ವೇಗದಲ್ಲಿತ್ತು, ಅಂದರೆ ಸೆಕೆಂಡಿಗೆ 16 ಅಡಿ ಚಿಲ್ಲರೆ. ಆದರೆ ಅದು ಕಿಟಕಿಯಿಂದ ಹೆಚ್ಚುಕಡಿಮೆ ನೇರವಾಗಿ ದೂರ ಸಾಗುತ್ತಿತ್ತು. 313ರ ಹೊತ್ತಿಗೆ ಕಿಟಕಿಯ ದೃಷ್ಟಿರೇಖೆ ಸಮತಲಕ್ಕೆ 15 ಡಿಗ್ರಿ ಕೆಳಮುಖ. ಬೀದಿಯೂ 3 ಡಿಗ್ರಿ ಕೆಳಗೆ ಇಳಿಯುತ್ತಿದ್ದುದರಿಂದ ಬೀದಿಗೂ ರೇಖೆಗೂ ಇರುವ ಕೋನ 12ರಷ್ಟೇ. ಸೈನು ಕೋಷ್ಟಕ ತೆಗೆದು ಲೆಕ್ಕ ಹಾಕಿದರೆ ಗುರಿ ಬಂದೂಕಿನ ಎದುರು ಸೆಕೆಂಡಿಗೆ ಒಂದು ಡಿಗ್ರಿಯ ಆಸುಪಾಸು ಸರಿಯುತ್ತದೆ, ಅದೂ ಬಹುಪಾಲು ಮೇಲ್ಮುಖವಾಗಿ. ಗುಂಡಿಗೆ ಆ ದೂರ ಕ್ರಮಿಸಲು ಸೆಕೆಂಡಿನ ಏಳೆಂಟನೇ ಒಂದು ಭಾಗ ಬೇಕು. ಅಷ್ಟರಲ್ಲಿ ತಲೆ ದೃಷ್ಟಿರೇಖೆಯಿಂದ ಐದಾರು ಅಂಗುಲ ಮೇಲೇರುತ್ತದೆ. ತಮಾಷೆಯೆಂದರೆ, ಆ ಬಂದೂಕಿನ ಟೆಲಿಸ್ಕೋಪು ಸರಿಯಾಗಿ ಕೂತಿರಲಿಲ್ಲ. ಗುಂಡು ಗುರಿಗಿಂತ ಸ್ವಲ್ಪ ಮೇಲೆ, ಸ್ವಲ್ಪ ಬಲಕ್ಕೆ ಬೀಳುತ್ತಿತ್ತು. ಮೇಲೇರುವ ಗುರಿಗೆ ಆ ದೋಷ ಅಡ್ಡಿಗಿಂತ ಸಹಾಯವೇ ಆಗುತ್ತಿತ್ತೆಂದು ಎಫ್‌ಬಿಐ ತಜ್ಞ ರಾಬರ್ಟ್ ಫ್ರೇಜಿಯರ್ ಸಾಕ್ಷ್ಯ ನುಡಿದರು. ಗುಂಡು ಹಾರಿಸುವಾಗಲೂ ಆ ಟೆಲಿಸ್ಕೋಪು ಹಾಗೆಯೇ ಇತ್ತೋ, ಬಂದೂಕನ್ನು ಬಚ್ಚಿಡುವಾಗ ಅಲುಗಿತೋ ಎನ್ನುವುದು ಬೇರೆ ಮಾತು. ಅದನ್ನು ಬಿಟ್ಟು ಬರಿಗಣ್ಣಿನ ಕಬ್ಬಿಣದ ಗುರಿಮೊನೆಯಿಂದಲೂ ಆ ದೂರಕ್ಕೆ ಹೊಡೆಯಬಹುದು.

ಹಾಗಾದರೆ ಎಲ್ಲಿ ಸಮಸ್ಯೆ? ಹೊತ್ತಿನಲ್ಲಿ. ಬೋಲ್ಟ್ ಎಳೆದು, ತಳ್ಳಿ, ಮತ್ತೆ ಗುರಿಯಿಟ್ಟು ಕುದುರೆ ಎಳೆಯಲು ಈ ಬಂದೂಕಿಗೆ ಕನಿಷ್ಠ 2.3 ಸೆಕೆಂಡು ಬೇಕೆಂದು ಎಫ್‌ಬಿಐ ಅಳೆಯಿತು. ಅಂದರೆ 42 ಫ್ರೇಮು. ಅಧ್ಯಕ್ಷರಿಗೆ ಮೊದಲು ಗುಂಡು ತಗುಲಿದ್ದು 210ರಿಂದ 225ರ ನಡುವೆ ಎಂದು ಆಯೋಗ ಹೇಳಿತು. ಅಲ್ಲಿಂದ 313ಕ್ಕೆ 4.8ರಿಂದ 5.6 ಸೆಕೆಂಡು. ಮೂರು ಗುಂಡನ್ನೂ ಈ ಗೂಡಿನೊಳಗೇ ತುರುಕಿದರೆ ಹೊಡೆಯುವವನಿಗೆ ಉಸಿರಾಡಲೂ ಬಿಡುವಿಲ್ಲ. ‘ಐದೂವರೆ ಸೆಕೆಂಡಿನಲ್ಲಿ ಮೂರು ಗುಂಡು ಅಸಾಧ್ಯ’ ಎನ್ನುವ ಮಾತು ಜನರ ಬಾಯಲ್ಲಿ ನಿಂತದ್ದು ಹೀಗೆ. ಆದರೆ ಮೂರರಲ್ಲಿ ಒಂದು ಗುರಿ ತಪ್ಪಿತ್ತು. ತಪ್ಪಿದ್ದು ನಡುವಿನದಾದರೆ ಮಾತ್ರ ಈ ಇಕ್ಕಟ್ಟು. ತಪ್ಪಿದ್ದು ಮೊದಲನೆಯದು, ಮರದ ಮರೆಗೆ ಹೋಗುವ ಮುನ್ನ 160ರ ಹತ್ತಿರ ಹಾರಿಸಿದ್ದು ಎಂದಾದರೆ ಮೂರಕ್ಕೂ ಸೇರಿ ಎಂಟು ಸೆಕೆಂಡಿಗಿಂತ ಹೆಚ್ಚು ಸಿಗುತ್ತದೆ. ಮೊದಲ ಗುಂಡು ಬಂದೂಕಿನಲ್ಲಿ ಮೊದಲೇ ತುಂಬಿರುವುದರಿಂದ ಗಡಿಯಾರ ಶುರುವಾಗುವುದೇ ಅದು ಹಾರಿದ ಮೇಲೆ. ನಡುವೆ ಬೋಲ್ಟ್ ಎಳೆಯಬೇಕಾದದ್ದು ಎರಡೇ ಸಲ. ವಾರನ್ ವರದಿ ಯಾವ ಗುಂಡು ತಪ್ಪಿತೆಂದು ತೀರ್ಮಾನಿಸದೆ ಮೂರೂ ಸಾಧ್ಯತೆಗಳನ್ನು ತೆರೆದಿಟ್ಟಿತು. ಆದರೆ ಓದಿದವರ ನೆನಪಿನಲ್ಲಿ ಉಳಿದದ್ದು ಅತಿ ಇಕ್ಕಟ್ಟಿನ ಸಂಖ್ಯೆಯೊಂದೇ.

ಸೇನೆಯ ಮೂವರು ನುರಿತ ಗುರಿಕಾರರಿಂದ ಅದೇ ಬಂದೂಕಿನಲ್ಲಿ ಪರೀಕ್ಷೆಯನ್ನೂ ಮಾಡಿಸಿದರು. 175, 240, 265 ಅಡಿಗಳಲ್ಲಿ ಗುರಿಹಲಗೆ. ಮೂರು ಗುಂಡಿಗೆ ಅವರು ತೆಗೆದುಕೊಂಡದ್ದು 4.6ರಿಂದ 8.25 ಸೆಕೆಂಡು; ಮೊದಲ ಗುರಿ ಎಲ್ಲರಿಗೂ ಸಿಕ್ಕಿತು, ಎರಡನೆಯದು ಹಲವು ಸಲ ಅಂಗುಲಗಳ ಅಂತರದಲ್ಲಿ ತಪ್ಪಿತು. ಈ ಪರೀಕ್ಷೆಯ ಬಗ್ಗೆ ನನಗೆ ಅಷ್ಟು ಗೌರವವಿಲ್ಲ. ಗುರಿಗಳು ಕದಲುತ್ತಿರಲಿಲ್ಲ, ಮೊದಲ ಗುಂಡಿಗೆ ಬೇಕಾದಷ್ಟು ಹೊತ್ತಿತ್ತು, ಹೊಡೆದವರು ಅದೇ ವೃತ್ತಿಯವರು. ಕಿಟಕಿಯಲ್ಲಿದ್ದವನೆಂದು ಆರೋಪ ಹೊತ್ತ ಲೀ ಹಾರ್ವಿ ಆಸ್ವಾಲ್ಡ್ ಎಂಬ ಇಪ್ಪತ್ನಾಲ್ಕರ ಯುವಕನ ಮರೀನ್ ದಳದ ಅಂಕಗಳು 1956ರಲ್ಲಿ 212, 1959ರಲ್ಲಿ 191. ಮೊದಲನೆಯದು ಮಧ್ಯಮ ದರ್ಜೆಯಾದ ಶಾರ್ಪ್‌ಶೂಟರ್ ಪಟ್ಟಕ್ಕೆ ಬೇಕಾದದ್ದಕ್ಕಿಂತ ಎರಡು ಅಂಕ ಹೆಚ್ಚು. ಎರಡನೆಯದು ಕೆಳದರ್ಜೆಗೆ ಬೇಕಾದದ್ದಕ್ಕಿಂತ ಒಂದೇ ಅಂಕ ಹೆಚ್ಚು. ಆದರೂ ಆ ಅಂಕಗಳನ್ನು ಪಡೆಯಬೇಕಾದದ್ದು 200ರಿಂದ 500 ಗಜದ ಗುರಿಗಳ ಮೇಲೆ ಎಂಬುದನ್ನು ಮರೆಯಬಾರದು. ಎಲ್ಮ್ ಸ್ಟ್ರೀಟಿನಲ್ಲಿ ಇದ್ದದ್ದು 60ರಿಂದ 90 ಗಜ. ಮೂರರಲ್ಲಿ ಎರಡು ತಗುಲಿಸುವುದು ಅವನಿಂದ ಆಗದ ಕೆಲಸ ಎನ್ನಲಾರೆ.

ಹೊಡೆದ ಮೇಲೆ ಅಲ್ಲಿಂದ ಹೋಗಬೇಕಲ್ಲ. ಜಾಗದ ಸಾಧ್ಯತೆ ಲೆಕ್ಕ ಹಾಕುವವರು ಇದನ್ನು ಮರೆಯುವುದುಂಟು. ಗುಂಡಿನ ಸದ್ದು ಕೇಳಿ ಮೋಟಾರ್ ಸೈಕಲ್ ಬಿಟ್ಟು ಕಟ್ಟಡಕ್ಕೆ ನುಗ್ಗಿದ ಪೊಲೀಸ್ ಅಧಿಕಾರಿ ಮೇರಿಯನ್ ಬೇಕರ್, ಎರಡನೇ ಮಹಡಿಯ ಊಟದ ಕೋಣೆಯಲ್ಲಿ ಆಸ್ವಾಲ್ಡನ ಎದುರಾದರು. ಅವರ ಓಟವನ್ನು ಮತ್ತೆ ಓಡಿಸಿ ನೋಡಿದಾಗ ಒಮ್ಮೆ 90 ಸೆಕೆಂಡು, ಇನ್ನೊಮ್ಮೆ 75. ಕಿಟಕಿಯಿಂದ ಮಹಡಿಯ ಕರ್ಣದುದ್ದಕ್ಕೂ ನಡೆದು, ಬಂದೂಕನ್ನು ಪೆಟ್ಟಿಗೆಗಳ ನಡುವೆ ಬಚ್ಚಿಟ್ಟು, ಮೆಟ್ಟಿಲಿಳಿದು ಆ ಕೋಣೆ ಸೇರಲು ಭದ್ರತಾ ಏಜೆಂಟ್ ಒಬ್ಬರಿಗೆ ಸಾಮಾನ್ಯ ನಡಿಗೆಯಲ್ಲಿ 78, ಬಿರುಸು ನಡಿಗೆಯಲ್ಲಿ 74 ಸೆಕೆಂಡು ಹಿಡಿಯಿತು. ಬೇಕರ್ ಮೊದಲ ಗುಂಡಿನಿಂದ ಲೆಕ್ಕ ಶುರು ಮಾಡಿದ್ದರು, ಏಜೆಂಟ್ ಕೊನೆಯ ಗುಂಡಿನಿಂದ. ಹಾಗಾಗಿ ಅಂತರ ಇನ್ನೂ ಬಿಗಿಯಾಗುತ್ತದೆ. ಆಗುವ ಮಾತೇ, ಆದರೆ ಬಿಗಿ. ಕಿಟಕಿಯ ವಾದದಲ್ಲಿ ನನಗೆ ನಿಜಕ್ಕೂ ಬಿಗಿಯಾಗಿ ಕಾಣುವುದು ಗುಂಡುಗಳ ಹೊತ್ತಲ್ಲ, ಈ ಮೆಟ್ಟಿಲಿನ ಹೊತ್ತು.

ಇನ್ನು ಜಗತ್ಪ್ರಸಿದ್ಧ ‘ಮಾಯಾಗುಂಡು’. ಒಂದೇ ಗುಂಡು ಕೆನಡಿಯ ಬೆನ್ನಿನ ಮೇಲ್ಭಾಗದಿಂದ ಹೊಕ್ಕು ಗಂಟಲಿನಿಂದ ಹೊರಬಂದು, ಮುಂದೆ ಕೂತಿದ್ದ ಟೆಕ್ಸಾಸ್ ಗವರ್ನರ್ ಜಾನ್ ಕೊನಲಿಯ ಬೆನ್ನು, ಎದೆ, ಮಣಿಕಟ್ಟು, ತೊಡೆಗಳನ್ನು ಗಾಯಗೊಳಿಸಿತು ಎಂಬ ವಾದ. 1991ರ ಆಲಿವರ್ ಸ್ಟೋನ್ ಸಿನಿಮಾದ ನ್ಯಾಯಾಲಯದ ದೃಶ್ಯದಲ್ಲಿ ಈ ಗುಂಡು ಗಾಳಿಯಲ್ಲಿ ನಿಂತು ಬಲಕ್ಕೆ ಎಡಕ್ಕೆ ತಿರುಗುತ್ತದೆ, ಪ್ರೇಕ್ಷಕರು ನಗುತ್ತಾರೆ. ಸೊಗಸಾದ ದೃಶ್ಯ. ಆದರೆ ಅದು ಇಬ್ಬರನ್ನೂ ಒಬ್ಬರ ನೇರ ಹಿಂದೆ ಒಬ್ಬರಂತೆ, ಒಂದೇ ಎತ್ತರದಲ್ಲಿ ಕೂರಿಸುತ್ತದೆ. ಲಿಂಕನ್ ಕಾರಿನಲ್ಲಿ ಕೊನಲಿ ಕೂತಿದ್ದದ್ದು ಮಡಚುವ ಪುಟ್ಟ ಸೀಟಿನಲ್ಲಿ. ಅದು ಬಾಗಿಲಿನಿಂದ 6 ಅಂಗುಲ ಒಳಗೆ, ಹಿಂದಿನ ಸೀಟಿಗಿಂತ 3 ಅಂಗುಲ ಕೆಳಗೆ ಇತ್ತು. ಕೆನಡಿ ಬಲಬದಿಯ ಅಂಚಿಗೆ ಒತ್ತಿ ಕೂತು ತೋಳನ್ನು ಕಾರಿನ ಅಂಚಿನ ಮೇಲಿಟ್ಟಿದ್ದರು. ಹಾಗೆ ಕೂರಿಸಿದರೆ ಕಿಟಕಿಯಿಂದ ಇಳಿದ ಗೆರೆ ತಿರುಗುವ ಅಗತ್ಯವೇ ಇಲ್ಲದೆ ಇಬ್ಬರನ್ನೂ ಹಾಯುತ್ತದೆ. ಗೊಂದಲಕ್ಕೆ ಆಯೋಗವೂ ಹೊಣೆ. ಶವಪರೀಕ್ಷೆಯ ಫೋಟೋಗಳನ್ನು ನೋಡದ ಕಲಾವಿದನೊಬ್ಬ ವೈದ್ಯರ ಬಾಯಿಮಾತು ಕೇಳಿ ಬರೆದ ಚಿತ್ರವನ್ನು ಅದು ದಾಖಲೆಯಾಗಿ ಪ್ರಕಟಿಸಿತು. ಅದರಲ್ಲಿ ಬೆನ್ನಿನ ಗಾಯ ಕುತ್ತಿಗೆಯ ಬುಡಕ್ಕೆ ಏರಿಬಿಟ್ಟಿತ್ತು. ಫೋಟೋಗಳಿದ್ದೂ ಚಿತ್ರ ಅಚ್ಚು ಹಾಕಿದವರನ್ನು ಜನ ಅನುಮಾನಿಸಿದರೆ ತಪ್ಪು ಜನರದ್ದಲ್ಲ.

1970ರ ದಶಕದ ಕೊನೆಯಲ್ಲಿ ಅಮೆರಿಕದ ಸಂಸತ್ತಿನ ಹತ್ಯಾ ತನಿಖಾ ಸಮಿತಿಗಾಗಿ ನಾಸಾದ ಎಂಜಿನಿಯರ್ ಥಾಮಸ್ ಕ್ಯಾನಿಂಗ್ ಇದೇ ಲೆಕ್ಕವನ್ನು ತಿರುಗುಮುರುಗು ಮಾಡಿದರು. ಕಿಟಕಿಯಿಂದ ಗಾಯದ ಕಡೆಗೆ ಹೋಗದೆ, ಗಾಯಗಳಿಂದ ಹಿಂದಕ್ಕೆ ಗೆರೆ ಎಳೆದರು. ಗಾಯದ ಸ್ಥಾನ, ಬಾಗಿದ ದೇಹ, ಕಾರಿನ ಜಾಗ ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ತಪ್ಪಿರುತ್ತದೆ. ಹಾಗಾಗಿ ಗೆರೆ ಕಟ್ಟಡ ತಲುಪುವ ಹೊತ್ತಿಗೆ ಬಿಂದುವಾಗಿ ಉಳಿಯದೆ ವೃತ್ತವಾಗಿ ಹರಡಿಕೊಳ್ಳುತ್ತದೆ. ಆ ಮೂಲೆಯ ಕಿಟಕಿ ವೃತ್ತಗಳ ಒಳಗೆ ಬಿತ್ತು, ಅದರ ಜೊತೆಗೆ ಅಕ್ಕಪಕ್ಕದ ಬೇರೆ ಕಿಟಕಿಗಳೂ ಬಿದ್ದವು. ಪ್ರಾಮಾಣಿಕ ಅಳತೆ ಅಂದರೆ ಹೀಗಿರುತ್ತದೆ. ‘ಈ ಕಿಟಕಿಯೇ’ ಎಂದು ಕ್ಯಾನಿಂಗರ ಗೆರೆ ಹೇಳಲಿಲ್ಲ; ಹಾಗೆ ಹೇಳುವುದು ಕಾಡತೂಸುಗಳು, ಬಂದೂಕು, ಕೆಳಗಿನ ಮಹಡಿಯವರ ಕಿವಿ.

ಗುಂಡು ಹಾರಿದ್ದು ಹುಲ್ಲುದಿಬ್ಬದ ಬೇಲಿಯ ಹಿಂದಿನಿಂದ ಎಂಬ ವಾದವೂ ಇದೆ; ಈಗ ಆ ಬೇಲಿಗೆ ಬರೋಣ. ಅಂದು ಸೇತುವೆಯ ಮೇಲೆ ನಿಂತಿದ್ದ ರೈಲ್ವೆ ಕೆಲಸಗಾರರಲ್ಲಿ ಕೆಲವರು ಬೇಲಿಯ ಬಳಿಯ ಮರಗಳ ಕೆಳಗೆ ಹೊಗೆ ಕಂಡೆವೆಂದರು. ಎಷ್ಟೋ ಜನ ಆ ಕಡೆಗೇ ಓಡಿದರು. ಜಪ್ರೂಡರ್ ಕೂಡ ಸದ್ದು ತಮ್ಮ ಹಿಂದಿನಿಂದ ಬಂದಂತೆ ಅನ್ನಿಸಿತೆಂದು ಹೇಳಿದ್ದುಂಟು. ಇವರೆಲ್ಲ ಸುಳ್ಳು ಹೇಳಿದರು ಎನ್ನುವುದು ಅಹಂಕಾರ. ಜಾಗವೂ ಅಸಾಧ್ಯವಾದದ್ದಲ್ಲ: ಐದಡಿ ಬೇಲಿಯ ಹಿಂದೆ ನಿಂತವನಿಗೆ ಬಂದೂಕು ಆನಿಸಲು ಮರದ ತುದಿಯಿದೆ, ಮರದ ನೆರಳಿದೆ, ಹಿಂದೆ ಸಾಲಾಗಿ ನಿಂತ ಕಾರುಗಳಿವೆ. 313ರಲ್ಲಿ ಅಧ್ಯಕ್ಷರ ಕಾರು ಅಲ್ಲಿಗೆ ನೂರು ಅಡಿಯ ಆಸುಪಾಸು. ಕಿಟಕಿಯ ದೂರದ ಅರ್ಧಕ್ಕಿಂತ ಕಡಿಮೆ.

ಆದ್ದರಿಂದ ಸುಲಭ ಎನ್ನುತ್ತಾರೆ. ಮತ್ತೆ ಕೋನಮಾಪಕ ಹಿಡಿಯಿರಿ. ಬೇಲಿಯಿಂದ ನೋಡುವವನಿಗೆ ಕಾರು ಎಡದಿಂದ ಬಲಕ್ಕೆ ಅಡ್ಡಡ್ಡ ಹಾಯುತ್ತದೆ. ನೂರು ಅಡಿ ದೂರದಲ್ಲಿ ಸೆಕೆಂಡಿಗೆ 12ರಿಂದ 16 ಅಡಿ ಸರಿಯುವ ಗುರಿ ಎಂದರೆ ಸೆಕೆಂಡಿಗೆ ಏಳರಿಂದ ಒಂಬತ್ತು ಡಿಗ್ರಿ. ಕಿಟಕಿಯಲ್ಲಿದ್ದವನಿಗಿಂತ ಏಳೆಂಟು ಪಟ್ಟು ಬೇಗ ನಳಿಗೆಯನ್ನು ಹೊರಳಿಸಬೇಕು. ನುರಿತ ಬೇಟೆಗಾರನಿಗೆ ಅದೇನೂ ಅಸಾಧ್ಯವಲ್ಲ. ಆದರೆ ‘ಕಿಟಕಿಯಿಂದ ಕಷ್ಟ, ಬೇಲಿಯಿಂದ ಸಲೀಸು’ ಎಂಬ ಮಾತು ಪೂರ್ತಿ ತಲೆಕೆಳಗಾದದ್ದು.

ಬೇಲಿಗೆ ದೊಡ್ಡ ತೊಂದರೆ ಬರುವುದು ಗುಂಡು ಹಾರಿದ ಮೇಲೆ. ಬಲ ಮುಂಬದಿಯಿಂದ ಬಂದ ಗುಂಡು ತಲೆಯ ಎಡ ಹಿಂಬದಿಗೆ ಹೋಗಬೇಕು. ಎಡಕ್ಕೆ ಜಾಕ್ವೆಲಿನ್ ಕೆನಡಿ ಕೂತಿದ್ದರು. ಎಡಭಾಗದಲ್ಲಿ ಹೊರಬಂದ ಗಾಯವಿಲ್ಲ. ತಲೆಬುರುಡೆಗೆ ಗುಂಡು ಹೊಕ್ಕಾಗ ಒಳಮೈಯ ತೂತು ಹೊರಮೈಯದಕ್ಕಿಂತ ಅಗಲವಾಗುತ್ತದೆ. ಬೆಥೆಸ್ಡಾದಲ್ಲಿ ಶವಪರೀಕ್ಷೆ ಮಾಡಿದ ವೈದ್ಯರು ಅಂಥ ತೂತನ್ನು ಕಂಡದ್ದು ತಲೆಯ ಹಿಂಭಾಗದಲ್ಲಿ. ಸಂಸತ್ ಸಮಿತಿಯ ಒಂಬತ್ತು ವಿಧಿವಿಜ್ಞಾನ ವೈದ್ಯರಲ್ಲಿ ಎಂಟು ಮಂದಿ, ಅಧ್ಯಕ್ಷರಿಗೆ ತಗುಲಿದ ಗುಂಡುಗಳೆಲ್ಲ ಹಿಂದಿನಿಂದ ಬಂದವು ಎಂದೇ ಹೇಳಿದರು. ಸಿರಿಲ್ ವೆಕ್ಟ್ ಒಬ್ಬರು ಒಪ್ಪಲಿಲ್ಲ.

‘ಆದರೆ ತಲೆ ಹಿಂದಕ್ಕೆ ಎಗರಿತಲ್ಲ?’ ಈ ಪ್ರಶ್ನೆ ನನಗೆ ತರಗತಿಯಲ್ಲೂ ಬಂದಿತ್ತು. ಗುಂಡಿನ ತೂಕ ಹತ್ತೂವರೆ ಗ್ರಾಮಿಗೂ ಕಡಿಮೆ. ಅದರ ಸಂವೇಗವೆಲ್ಲ ತಲೆಗೇ ಇಳಿದರೂ ತಲೆ ಸೆಕೆಂಡಿಗೆ ಒಂದು ಮೀಟರ್ ಚಿಲ್ಲರೆ ವೇಗ ಪಡೆದೀತು, ಇಡೀ ದೇಹವನ್ನು ಎತ್ತಿ ಹಿಂದಕ್ಕೆ ಎಸೆಯಲಾರದು. ಗುಂಡು ತಿಂದವನು ಹಾರಿಬೀಳುವುದು ಸಿನಿಮಾದಲ್ಲಿ. 312ರಿಂದ 313ಕ್ಕೆ ತಲೆ ಎರಡು ಅಂಗುಲದಷ್ಟು ಮುಂದಕ್ಕೇ ಸರಿದಂತೆ ಕಾಣುತ್ತದೆ, ಆಮೇಲೆ ಹಿಂದಕ್ಕೆ. ಭೌತಶಾಸ್ತ್ರದ ನೊಬೆಲ್ ಪಡೆದ ಲೂಯಿಸ್ ಆಲ್ವರೆಜ್, ಟೇಪು ಸುತ್ತಿದ ಕರ್ಬೂಜ ಹಣ್ಣುಗಳಿಗೆ ಗುಂಡು ಹೊಡೆಸಿ, ಒಳಗಿನದು ಮುಂದಕ್ಕೆ ಚಿಮ್ಮಿದಾಗ ಹಣ್ಣು ಬಂದೂಕಿನ ಕಡೆಗೇ ಉರುಳುವುದನ್ನು ತೋರಿಸಿ 1976ರಲ್ಲಿ ಪ್ರಬಂಧ ಬರೆದರು. ಹಣ್ಣು ತಲೆಬುರುಡೆಯಲ್ಲ, ಫಿಲ್ಮು ಮಸುಕು. ಹಾಗಾಗಿ ಈ ಪ್ರಯೋಗದಿಂದ ಇಷ್ಟು ಮಾತ್ರ ತೆಗೆದುಕೊಳ್ಳುತ್ತೇನೆ: ತಲೆ ಯಾವ ಕಡೆಗೆ ವಾಲಿತು ಎಂಬುದರಿಂದ ಗುಂಡು ಯಾವ ಕಡೆಯಿಂದ ಬಂತೆಂದು ಹೇಳಲಾಗದು.

ಬೇಲಿಯ ಪರವಾಗಿ ಸರ್ಕಾರಿ ಮೊಹರು ಬಿದ್ದದ್ದು ಒಮ್ಮೆ ಮಾತ್ರ. ಪೊಲೀಸ್ ಮೋಟಾರ್ ಸೈಕಲ್ಲೊಂದರ ಮೈಕಿನ ಗುಂಡಿ ಸಿಕ್ಕಿಕೊಂಡು ಠಾಣೆಯ ಡಿಕ್ಟಾಬೆಲ್ಟ್ ಎಂಬ ಧ್ವನಿಮುದ್ರಣ ಪಟ್ಟಿಯಲ್ಲಿ ದಾಖಲಾಗಿದ್ದ ಗೊರಗೊರ ಸದ್ದನ್ನು ವಿಶ್ಲೇಷಿಸಿ, 1978ರ ಆಗಸ್ಟಿನಲ್ಲಿ ಪ್ಲಾಜಾದಲ್ಲೇ ಗುಂಡು ಹಾರಿಸಿ ಹೋಲಿಸಿ, ಬೇಲಿಯಿಂದ ಇನ್ನೊಂದು ಗುಂಡು ಹಾರಿರುವ ಸಂಭವ ಶೇ 95 ಎಂದು ತಜ್ಞರು ಸಂಸತ್ ಸಮಿತಿಗೆ ಹೇಳಿದರು. ಸಮಿತಿ ಒಪ್ಪಿತು. ಆದರೆ ಅದೇ ಸಮಿತಿ, ಆ ಗುಂಡು ಯಾರಿಗೂ ತಗುಲಲಿಲ್ಲ ಎಂದೂ ಹೇಳಿತು! ನೂರು ಅಡಿಯಿಂದ ಹಾರಿ, ಕಾರಿಗೂ ತಾಗದೆ, ಎದುರಿನ ಹುಲ್ಲಿನಲ್ಲೂ ಸಿಗದೆ ಹೋದ ಗುಂಡು. ಆಮೇಲೆ ಒಹಾಯೋದ ಒಬ್ಬ ಡ್ರಮ್ ವಾದಕ ಆ ದಾಖಲೆಯ ನಕಲನ್ನು ಕೇಳುತ್ತಾ, ‘ಗುಂಡಿನ ಸದ್ದು’ ಎನ್ನಲಾದ ಜಾಗದಲ್ಲೇ ಇನ್ನೊಂದು ಚಾನೆಲ್ಲಿನಿಂದ ಶೆರಿಫರ ಮಾತು ನುಸುಳಿರುವುದನ್ನು ಪತ್ತೆ ಹಚ್ಚಿದ. ಆ ಮಾತು ಆಡಿದ್ದು ಹತ್ಯೆಯಾದ ಸುಮಾರು ಒಂದು ನಿಮಿಷದ ನಂತರ. ನಾರ್ಮನ್ ರಾಮ್ಸೆ ಅಧ್ಯಕ್ಷತೆಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ತಂಡ 1982ರಲ್ಲಿ ಇದನ್ನು ಎತ್ತಿಹಿಡಿಯಿತು. ಶೇ 95 ಅಲ್ಲಿಗೆ ಕುಸಿಯಿತು. ಇದನ್ನು ಒಪ್ಪದ ಧ್ವನಿತಜ್ಞರು ಆಮೇಲೂ ಬರೆದಿದ್ದಾರೆ. ನನಗೆ ಅವರ ವಾದ ಹಿಡಿಸಿಲ್ಲ.

ಉಳಿದ ಜಾಗಗಳನ್ನು ಬೇಗ ಮುಗಿಸುತ್ತೇನೆ. ಬೀದಿಯಂಚಿನ ಮಳೆನೀರಿನ ಚರಂಡಿಯೊಳಗಿನಿಂದ ಹೊಡೆದರು ಎಂಬ ವಾದವಿದೆ. ರಸ್ತೆಯ ಮಟ್ಟದ ಸಂದಿಯಿಂದ ಹೊರಟ ಗುಂಡು ಮೇಲ್ಮುಖವಾಗಿ ಹೋಗಬೇಕು, ಕಾರಿನ ಬಾಗಿಲು, ಮುಂದೆ ಕೂತವರು ಎಲ್ಲರನ್ನೂ ತಪ್ಪಿಸಬೇಕು, ಗಾಯ ಕೆಳಗಿನಿಂದ ಮೇಲಕ್ಕೆ ಹೋಗಿರಬೇಕು. ಇಲ್ಲಿ ಅಳತೆ ‘ಆಗದು’ ಎನ್ನುತ್ತದೆ. ಎದುರಿನ ಸೇತುವೆಯ ಮೇಲಿನಿಂದ ಎಂದರೆ ಅಲ್ಲಿ ಇಬ್ಬರು ಪೊಲೀಸರೂ ಹನ್ನೆರಡಕ್ಕೂ ಹೆಚ್ಚು ರೈಲ್ವೆಯವರೂ ನಿಂತಿದ್ದರು, ಗುಂಡು ಮುಂದಿನ ಗಾಜನ್ನು ತೂರಬೇಕಿತ್ತು. ಗಾಜಿನಲ್ಲಿ ಇದ್ದದ್ದು ತೂತಲ್ಲ, ಒಳಮೈಯಲ್ಲಿ ಸೀಸದ ಗುರುತು ಬಿಟ್ಟ ಬಿರುಕು. ಅದೂ ಆಗದು.

ಇನ್ನೊಂದು ಊರಿನ ಮಾತು ಹೇಳದಿದ್ದರೆ ಅಳತೆಯ ಮಿತಿ ಅರ್ಥವಾಗದು. 1968ರ ಏಪ್ರಿಲ್ 4ರ ಸಂಜೆ ಮೆಂಫಿಸ್ ನಗರದ ಲೊರೇನ್ ಮೋಟೆಲಿನ 306ನೇ ಕೋಣೆಯ ಮುಂದೆ, ಬಾಲ್ಕನಿಯಲ್ಲಿ ನಿಂತಿದ್ದ ಮಾರ್ಟಿನ್ ಲೂಥರ್ ಕಿಂಗರಿಗೆ ಒಂದೇ ಒಂದು ಗುಂಡು ಬಿತ್ತು. ಎದುರಿನ ವಸತಿಗೃಹದ ಸಾಮೂಹಿಕ ಸ್ನಾನದ ಕೋಣೆಯ ಕಿಟಕಿಯಿಂದ, ಇನ್ನೂರು ಅಡಿಗಿಂತ ಸ್ವಲ್ಪ ಹೆಚ್ಚು ದೂರದಿಂದ, ಜೇಮ್ಸ್ ಅರ್ಲ್ ರೇ ಹೊಡೆದ ಎಂಬುದು ಸರ್ಕಾರದ ವಾದ. ಕಿಟಕಿಯ ಕೆಳಗೇ ಸ್ನಾನದ ತೊಟ್ಟಿ. ಹೊಡೆಯುವವನು ತೊಟ್ಟಿಯೊಳಗೆ ನಿಂತಿರಬೇಕು. ಅಷ್ಟು ಇಕ್ಕಟ್ಟಿನಲ್ಲಿ ಬಂದೂಕು ಹಿಡಿಯಲಾಗದು ಎಂದು ಹಲವರು ವಾದಿಸಿದರು. ಕಷ್ಟದ ಭಂಗಿ ಹೌದು, ಅಸಾಧ್ಯವಲ್ಲ. ಅದೇ ಸಂಸತ್ ಸಮಿತಿ ಇಲ್ಲೂ ಕೋನ ಅಳೆಸಿತು. ಆದರೆ ಕಿಂಗ್ ಕೆಳಗಿದ್ದವರೊಡನೆ ಮಾತಾಡುತ್ತಾ ಕಟಕಟೆಯ ಮೇಲೆ ಎಷ್ಟು ಬಾಗಿದ್ದರು ಎಂಬುದನ್ನು ಯಾವ ಕ್ಯಾಮೆರಾವೂ ಹಿಡಿದಿರಲಿಲ್ಲ. ಹಾಗಾಗಿ ಗೆರೆ ಸ್ನಾನದ ಕೋಣೆಗೂ ಒಪ್ಪಿತು, ಅದರ ಕೆಳಗೆ ತಡೆಗೋಡೆಯ ಮೇಲಿದ್ದ ಪೊದೆಗಳಿಗೂ ಒಪ್ಪಿತು. ಅಳತೆ ಅಲ್ಲಿ ಕೈಚೆಲ್ಲಿತು. ಪ್ರಕರಣ ನಿಂತದ್ದು ಪಕ್ಕದ ಅಂಗಡಿಯ ಬಾಗಿಲಲ್ಲಿ ಬಿಸಾಡಿದ್ದ ಗಂಟಿನ ಮೇಲೆ. ಅದರಲ್ಲಿ ರೇ ಬೆರಳಚ್ಚಿನ ರೆಮಿಂಗ್ಟನ್ ಬಂದೂಕಿತ್ತು. ಬಿದ್ದ ಗುಂಡು ಆ ಬಂದೂಕಿನದ್ದೇ ಎಂದು ಸಾಬೀತು ಮಾಡಲು ಪರೀಕ್ಷೆಗಳಿಂದ ಆಗಲೇ ಇಲ್ಲ. ಡಲ್ಲಾಸಿನಲ್ಲಿ ಒಬ್ಬ ಉಡುಪು ವ್ಯಾಪಾರಿಯ ಕ್ಯಾಮೆರಾ ಇರದೆ ಹೋಗಿದ್ದರೆ ಅಲ್ಲಿಯೂ ಇಷ್ಟೇ ಆಗುತ್ತಿತ್ತು.

ಡಲ್ಲಾಸಿಗೆ ಹೋಗುವ ನಮ್ಮವರು ಈಗ ಬಹಳ ಜನರಿದ್ದಾರೆ. ಮಕ್ಕಳು ಅಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವವರು ಈ ಸಭೆಯಲ್ಲೂ ಇರಬಹುದು. ಹೋದರೆ ಆರನೇ ಮಹಡಿಯ ಮ್ಯೂಸಿಯಂ ನೋಡಿ, ಅದು 1989ರಿಂದ ಇದೆ. ಆದರೆ ಅಲ್ಲಿ ನಿಂತು ‘ಇಲ್ಲಿಂದ ಆಗುತ್ತಿರಲಿಲ್ಲ’ ಎಂದೋ ‘ಎಷ್ಟು ಸುಲಭ’ ಎಂದೋ ಹೇಳಿ ಬರಬೇಡಿ. ಮೂಲೆಯ ಕಿಟಕಿಗೆ ಗಾಜಿನ ತಡೆಯಿದೆ. ನೀವು ನಿಲ್ಲುವುದು ಅದರ ಪಕ್ಕದ ಕಿಟಕಿಗಳಲ್ಲಿ, ಅದೂ ನಿಂತ ಭಂಗಿಯಲ್ಲಿ. ಓಕ್ ಮರಕ್ಕೆ ಅರವತ್ತು ವರ್ಷ ಹೆಚ್ಚಾಗಿದೆ. ರಸ್ತೆಯ ಮೇಲೆ ಗುಂಡು ತಗುಲಿದ ಜಾಗವೆಂದು ಬಿಳಿ ಬಣ್ಣದಲ್ಲಿ ಬಳಿದ ಗುಣಿಸು ಚಿಹ್ನೆಗಳನ್ನು ಸರ್ವೆಯವರು ಹಾಕಿದ್ದಲ್ಲ.

ನನ್ನ ಅಭಿಪ್ರಾಯ ಬದಲಾಗಲು ಏನು ಬೇಕು ಎಂದು ಆಗಲೇ ಒಬ್ಬರು ಚೀಟಿ ಕಳಿಸಿದ್ದಾರೆ. ಬೇರೆ ಬಂದೂಕಿನ ಒಂದು ಗುಂಡು, ಅಥವಾ ಅದರ ಚೂರು, ಪ್ಲಾಜಾದ ಮಣ್ಣಿನಲ್ಲೋ ದಾಖಲೆಯ ಪೆಟ್ಟಿಗೆಯಲ್ಲೋ ಸಿಕ್ಕರೆ ಬೇಲಿಯ ಲೆಕ್ಕವನ್ನು ಮೊದಲಿನಿಂದ ಮಾಡುತ್ತೇನೆ. ಆಸ್ವಾಲ್ಡ್ ಆ ಹೊತ್ತಿಗೆ ಮೆಟ್ಟಿಲ ಮೇಲೆ ಇರಲಿಲ್ಲವೆಂದು ಯಾರಾದರೂ ತೋರಿಸಿದರೆ ಕಿಟಕಿ ಹಾಗೇ ಉಳಿಯುತ್ತದೆ, ಅದರಲ್ಲಿ ಕೂತವನು ಬದಲಾಗುತ್ತಾನೆ. ಉಳಿದ ಪ್ರಶ್ನೆಗಳಿಗೆ ಅಧ್ಯಕ್ಷರು ಸಮಯ ಕೊಟ್ಟಿದ್ದಾರೆ. ಪ್ಲಾಜಾದ ನಕ್ಷೆ ಈ ಮೇಜಿನ ಮೇಲಿದೆ, ಅಡಿಕೋಲೂ ಇದೆ; ಬನ್ನಿ.